ಮನೆಯ ಪೇಪರ್ ಶ್ರೆಡ್ಡರ್ ಸಿಕ್ಕಿಕೊಂಡಾಗ: ಬಿಡಿಸುವ ಕ್ರಮ ಮತ್ತು ಮತ್ತೆ ಸಿಕ್ಕದಂತೆ ನೋಡಿಕೊಳ್ಳುವ ಬಗೆ

ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ದಾವಣಗೆರೆಯ ವ್ಯಾಪಾರಸ್ಥರ ಮನೆಗಳಲ್ಲಿ ಹಳೆಯ ಕಾಗದಪತ್ರಗಳನ್ನು ಆಚೆ ತೆಗೆಯುವ ಕೆಲಸ ಆರಂಭವಾಗುತ್ತದೆ. ಮೆಕ್ಕೆಜೋಳದ ತೂಕದ ಚೀಟಿಗಳು, ಅಡಿಕೆ ಮಾರಾಟದ ಪಟ್ಟಿಗಳು, ಬ್ಯಾಂಕಿನ ಸ್ಟೇಟ್‌ಮೆಂಟ್‌ಗಳು, ಸಾಲದ ಅರ್ಜಿಯ ಕರಡುಗಳು, ಎಲ್ಲೆಲ್ಲಿಗೋ ಕೊಡಲೆಂದು ಮಾಡಿಸಿ ಉಳಿದುಹೋದ ಆಧಾರ್ ಮತ್ತು ಪ್ಯಾನ್ ಕಾರ್ಡಿನ ಝೆರಾಕ್ಸ್ ಪ್ರತಿಗಳು, ಹೀಗೆ ಒಂದೇ ಬೀರುವಿನಿಂದ ಹೊರಬೀಳುವ ಕಾಗದವೂ ಕಡಿಮೆಯಲ್ಲ. ಇವನ್ನು ಹಾಗೆಯೇ ಗುಜರಿಗೆ ಹಾಕಿದರೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟುವ ಕಾಗದವಾಗಿ ಯಾರ ಕೈಯನ್ನಾದರೂ ಸೇರಬಹುದು. ಹೆಸರು, ವಿಳಾಸ, ಖಾತೆಯ ಸಂಖ್ಯೆ, ಸಹಿ ಎಲ್ಲವೂ ಅದರ ಮೇಲೆ ಹಾಗೆಯೇ ಇರುತ್ತವೆ. ಆದ್ದರಿಂದ ಕಾಗದವನ್ನು ಚೂರು ಚೂರಾಗಿ ಕತ್ತರಿಸುವ ಚಿಕ್ಕ ಯಂತ್ರವೊಂದನ್ನು, ಅಂದರೆ ಪೇಪರ್ ಶ್ರೆಡ್ಡರನ್ನು, ಮನೆಗೆ ತಂದುಕೊಳ್ಳುವುದು ಒಳ್ಳೆಯ ನಿರ್ಧಾರವೇ. ಆದರೆ ತಂದ ಕೆಲವು ತಿಂಗಳಲ್ಲಿ ಅದು ಕಾಗದವನ್ನು ಅರ್ಧ ನುಂಗಿ ನಿಂತುಬಿಡುತ್ತದೆ. ಎಳೆದರೆ ಕಾಗದ ಹರಿಯುತ್ತದೆ, ಒತ್ತಿದರೆ ಇನ್ನಷ್ಟು ಬಿಗಿಯುತ್ತದೆ, ಕೊನೆಗೆ ಯಂತ್ರ ಅಟ್ಟ ಸೇರುತ್ತದೆ.

ಹಾಗೆ ಅಟ್ಟ ಸೇರಿದ ಯಂತ್ರಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದಿಲ್ಲ. ಕಾಗದ ಸಿಕ್ಕಿಕೊಂಡದ್ದು ಮೇಲಿನ ಬಾಯಲ್ಲಿ ಕಂಡರೂ, ಅದರ ಕಾರಣ ಹೆಚ್ಚಿನ ಸಲ ಬ್ಲೇಡುಗಳ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ವಾರಗಟ್ಟಲೆ ಸೇರಿಕೊಂಡು ಬಂದಿರುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಕ್ರಮಗಳೂ ಸುಲಭವಾಗಿ ಅರ್ಥವಾಗುತ್ತವೆ.

ಯಂತ್ರದ ಒಳಗೆ ನಡೆಯುವುದೇನು

ಶ್ರೆಡ್ಡರಿನ ತಲೆಯೊಳಗೆ, ಅಂದರೆ ಚೂರು ಬೀಳುವ ಬುಟ್ಟಿಯ ಮೇಲೆ ಕೂರುವ ಭಾಗದೊಳಗೆ, ಉಕ್ಕಿನ ಎರಡು ದಂಡಗಳಿದ್ದು, ಪ್ರತಿಯೊಂದರ ಮೇಲೂ ತೆಳ್ಳನೆಯ ಬಿಲ್ಲೆಗಳಂತಹ ಬ್ಲೇಡುಗಳು ಸಾಲಾಗಿರುತ್ತವೆ. ಒಂದು ದಂಡದ ಬ್ಲೇಡುಗಳು ಇನ್ನೊಂದರ ಬ್ಲೇಡುಗಳ ಸಂದಿನಲ್ಲಿ ಕೂತು, ಎರಡೂ ಒಂದರೆಡೆಗೆ ಒಂದು ತಿರುಗುತ್ತವೆ; ರಸ್ತೆ ಬದಿಯ ಕಬ್ಬಿನ ಹಾಲಿನ ಗಾಣ ಜಲ್ಲೆಯನ್ನು ಒಳಗೆ ಸೆಳೆದುಕೊಳ್ಳುವಂತೆ ಇವು ಕಾಗದವನ್ನು ಸೆಳೆದುಕೊಂಡು ಕತ್ತರಿಸುತ್ತವೆ. ಬ್ಲೇಡುಗಳ ನಡುನಡುವೆ ಪ್ಲಾಸ್ಟಿಕ್ಕಿನ ಅಥವಾ ಲೋಹದ ಬಾಚಣಿಗೆಯಂತಹ ಹಲ್ಲುಪಟ್ಟಿಗಳಿರುತ್ತವೆ. ಕತ್ತರಿಸಿದ ಚೂರುಗಳನ್ನು ಬ್ಲೇಡಿನಿಂದ ಕೆರೆದು ಕೆಳಗೆ ಬೀಳಿಸುವುದು ಇವುಗಳ ಕೆಲಸ. ಚೂರುಗಳು ಕೆಳಗೆ ಬೀಳದೆ ದಂಡಕ್ಕೆ ಸುತ್ತಿಕೊಂಡರೆ, ಅಥವಾ ಬುಟ್ಟಿ ತುಂಬಿ ಮೇಲಕ್ಕೆ ಒತ್ತಿದರೆ, ಅವು ಬ್ಲೇಡು ಮತ್ತು ಹಲ್ಲುಪಟ್ಟಿಯ ನಡುವೆ ಗಟ್ಟಿಯಾಗಿ ಕೂರುತ್ತವೆ. ಅಲ್ಲಿಂದ ಮೋಟಾರಿಗೆ ಹೊರೆ ಹೆಚ್ಚುತ್ತಾ ಹೋಗುತ್ತದೆ. ಮುಂಚೆ ಆರು ಹಾಳೆಗಳನ್ನು ಸಲೀಸಾಗಿ ನುಂಗುತ್ತಿದ್ದ ಯಂತ್ರ ಮೂರಕ್ಕೇ ನರಳುತ್ತದೆ.

ಯಂತ್ರ ಯಾವ ಬಗೆಯದು ಎಂಬುದೂ ಮುಖ್ಯ. ಉದ್ದನೆಯ ಪಟ್ಟಿಗಳಾಗಿ ಕತ್ತರಿಸುವ ಸ್ಟ್ರಿಪ್ ಕಟ್ ಯಂತ್ರ ಕಡಿಮೆ ಸಿಕ್ಕುತ್ತದೆ, ಆದರೆ ತಾಳ್ಮೆಯಿದ್ದವರು ಆ ಪಟ್ಟಿಗಳನ್ನು ಜೋಡಿಸಿ ಓದಬಹುದು. ಅಡ್ಡಡ್ಡವಾಗಿಯೂ ಕತ್ತರಿಸುವ ಕ್ರಾಸ್ ಕಟ್, ಇನ್ನೂ ಚಿಕ್ಕದಾಗಿ ಕತ್ತರಿಸುವ ಮೈಕ್ರೋ ಕಟ್ ಯಂತ್ರಗಳು ಸುರಕ್ಷಿತ. ಜರ್ಮನಿಯ ಡಿಐಎನ್ 66399 ಮಾನದಂಡದ ಪ್ರಕಾರ ಪಿ-4 ಮಟ್ಟದ ಚೂರು 160 ಚದರ ಮಿಲಿಮೀಟರ್ ಮೀರಬಾರದು, ಪಿ-5 ಮಟ್ಟದ್ದು 30 ಚದರ ಮಿಲಿಮೀಟರ್ ಮೀರಬಾರದು. 210 ಮತ್ತು 297 ಮಿಲಿಮೀಟರ್ ಅಳತೆಯ ಒಂದು ಎ4 ಹಾಳೆ ಮೊದಲನೆಯದರಲ್ಲಿ ಕನಿಷ್ಠ 390 ಚೂರಾದರೆ ಎರಡನೆಯದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚೂರಾಗುತ್ತದೆ. ಚೂರು ಚಿಕ್ಕದಾದಷ್ಟೂ ಧೂಳು ಹೆಚ್ಚು, ಬ್ಲೇಡಿನ ಉಜ್ಜಾಟ ಹೆಚ್ಚು. ಆದ್ದರಿಂದ ಮೈಕ್ರೋ ಕಟ್ ಯಂತ್ರ ಇಟ್ಟುಕೊಂಡವರು ಎಣ್ಣೆ ಮತ್ತು ಸ್ವಚ್ಛತೆಯ ವಿಷಯದಲ್ಲಿ ಇತರರಿಗಿಂತ ಹೆಚ್ಚು ಶಿಸ್ತಾಗಿರಬೇಕು. ಮನೆಬಳಕೆಗೆ ಪಿ-4 ಸಾಕು ಎಂಬುದು ನನ್ನ ಅಭಿಪ್ರಾಯ.

ಮೊದಲು ತಿಳಿಯಬೇಕಾದದ್ದು: ನಿಜವಾಗಿಯೂ ಸಿಕ್ಕಿಕೊಂಡಿದೆಯೇ?

ಯಂತ್ರ ನಿಂತ ಕೂಡಲೇ ಕಿವಿಗೊಟ್ಟು ಕೇಳಬೇಕು. ಮೋಟಾರು ಗುಂಯ್ ಎನ್ನುತ್ತಿದ್ದು ಬ್ಲೇಡು ತಿರುಗದಿದ್ದರೆ ಅದು ಹೆಚ್ಚಾಗಿ ಜಾಮ್. ತಕ್ಷಣ ಸ್ವಿಚ್ಚು ಆರಿಸಬೇಕು, ಏಕೆಂದರೆ ತಿರುಗಲಾಗದ ಮೋಟಾರಿಗೆ ವಿದ್ಯುತ್ತು ಹರಿಯುತ್ತಲೇ ಇದ್ದರೆ ಅದರೊಳಗಿನ ತಂತಿಯ ಸುತ್ತು ಬೇಗ ಬಿಸಿಯಾಗಿ ಸುಟ್ಟುಹೋಗಬಹುದು.

ಯಾವ ಸದ್ದೂ ಇಲ್ಲದಿದ್ದರೆ ಕಾರಣಗಳು ಬೇರೆ. ಬುಟ್ಟಿಯ ಮೇಲೆ ತಲೆ ಸರಿಯಾಗಿ ಕೂರದಿದ್ದರೆ ಸುರಕ್ಷತೆಯ ಚಿಕ್ಕ ಸ್ವಿಚ್ಚು ಒತ್ತಿಕೊಳ್ಳುವುದಿಲ್ಲ, ಆಗ ಯಂತ್ರ ಓಡುವುದೇ ಇಲ್ಲ. ತಲೆಯನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಸರಿಯಾಗಿ ಕೂರಿಸಿದರೆ ಸಾಕು. ಎಡೆಬಿಡದೆ ಓಡಿಸಿದ್ದರೆ ಮೋಟಾರು ಬಿಸಿಯಾಗಿ ತಾನೇ ಆರಿರುತ್ತದೆ. ಮನೆಬಳಕೆಯ ಹೆಚ್ಚಿನ ಯಂತ್ರಗಳು ಎರಡರಿಂದ ಐದು ನಿಮಿಷ ಓಡಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ವಿಶ್ರಾಂತಿ ಪಡೆಯುವಂತೆ ತಯಾರಾಗಿರುತ್ತವೆ. ನಿಮ್ಮ ಯಂತ್ರದ ಅವಧಿ ಎಷ್ಟೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳ ಚಿತ್ರದುರ್ಗದ ಮಧ್ಯಾಹ್ನದಲ್ಲಿ, ಶೀಟಿನ ಮಾಡಿನ ಕೆಳಗಿನ ಕೋಣೆಯಲ್ಲಿ, ಅದು ತಣ್ಣಗಾಗಲು ಇನ್ನೂ ಹೆಚ್ಚು ಸಮಯ ಬೇಕಾಗುತ್ತದೆ. ಅಂತಹ ಹೊತ್ತಿನಲ್ಲಿ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವುದರಿಂದ ಪ್ರಯೋಜನವಿಲ್ಲ.

ಮೂರನೆಯದು ಸೆನ್ಸರ್. ಕಾಗದ ಹಾಕುವ ಬಾಯಿಯ ನಡುವೆ ಕಾಗದದ ಇರವನ್ನು ಗುರುತಿಸುವ ಚಿಕ್ಕದೊಂದು ಬೆಳಕಿನ ಕಣ್ಣು ಇರುತ್ತದೆ. ಅದರ ಮೇಲೆ ಧೂಳು ಅಥವಾ ಚೂರು ಕೂತರೆ ಯಂತ್ರ ಒಂದೋ ಶುರುವಾಗುವುದಿಲ್ಲ, ಇಲ್ಲವೇ ಕಾಗದವಿಲ್ಲದೆಯೂ ಓಡುತ್ತಲೇ ಇರುತ್ತದೆ. ಪ್ಲಗ್ಗು ಕಿತ್ತು, ಕಿವಿಗೆ ಬಳಸುವ ಹತ್ತಿ ಕಡ್ಡಿಯಿಂದ ಆ ಜಾಗವನ್ನು ಒರೆಸಬೇಕು. ಧೂಳು ಅಂಟಿಕೊಂಡಿದ್ದರೆ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಪ್ಲಗ್ಗು ಹಾಕಬೇಕು. ಗಾಳಿ ಹೆಚ್ಚಿರುವ ಚಿತ್ರದುರ್ಗದ ಕಡೆ ಕಿಟಕಿಯ ಪಕ್ಕದಲ್ಲಿ ಯಂತ್ರ ಇಟ್ಟಿದ್ದರೆ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಬಳಸದಿರುವಾಗ ಮೇಲೊಂದು ಬಟ್ಟೆ ಹೊದಿಸಿಟ್ಟರೆ ಒಳ್ಳೆಯದು.

ಬಿಡಿಸುವ ಕ್ರಮ

ಕೆಲಸ ಆರಂಭಿಸುವ ಮುನ್ನ ಮಕ್ಕಳನ್ನು ಆ ಕೋಣೆಯಿಂದ ಆಚೆ ಕಳಿಸಬೇಕು. ಸೆರಗು, ದುಪಟ್ಟಾ, ಜಡೆ, ಕೊರಳಿನ ಸರ, ಸಡಿಲವಾದ ತೋಳು ಇವು ಯಾವುವೂ ಯಂತ್ರದ ಬಾಯಿಯ ಮೇಲೆ ಜೋಲಾಡಬಾರದು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ: ಕಾಗದವನ್ನು ಸೆಳೆದುಕೊಳ್ಳುವ ಬ್ಲೇಡಿಗೆ ಬಟ್ಟೆ, ಕೂದಲು, ಬೆರಳು ಎಂಬ ಭೇದವಿಲ್ಲ.

ಮೊದಲನೆಯದಾಗಿ ಸ್ವಿಚ್ಚನ್ನು ಆರಿಸಿ, ಗೋಡೆಯ ಸಾಕೆಟ್ಟಿನಿಂದ ಪ್ಲಗ್ಗನ್ನು ಕೀಳಬೇಕು. ಸ್ವಿಚ್ಚು ಆರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು, ಸೆನ್ಸರ್ ಇರುವ ಯಂತ್ರ ಕಾಗದ ಅಲುಗಿದರೂ ತಾನಾಗಿ ಶುರುವಾಗಬಹುದು, ಮತ್ತು ನೀವು ಬಗ್ಗಿ ನೋಡುತ್ತಿರುವಾಗ ಇನ್ನೊಬ್ಬರು ಅರಿಯದೆ ಸ್ವಿಚ್ಚು ಹಾಕಬಹುದು.

ಎರಡನೆಯದಾಗಿ ತಲೆಯನ್ನು ಎತ್ತಿ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಕು. ಬಹಳ ಮಂದಿ ಈ ಹಂತವನ್ನು ಬಿಟ್ಟು ನೇರವಾಗಿ ಮೇಲಿನ ಕಾಗದವನ್ನು ಎಳೆಯಲು ಹೊರಡುತ್ತಾರೆ. ಬುಟ್ಟಿ ತುಂಬಿದ್ದರೆ, ಹಿಂದಕ್ಕೆ ತಿರುಗಿಸಿದಾಗ ಬ್ಲೇಡು ಕೆಳಗಿನ ಚೂರುಗಳನ್ನೇ ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಒಂದು ಜಾಮ್ ಇದ್ದದ್ದು ಎರಡಾಗುತ್ತದೆ.

ಆಮೇಲೆ ಬುಟ್ಟಿಯನ್ನು ಕೂರಿಸಿ, ಪ್ಲಗ್ಗು ಹಾಕಿ, ಸ್ವಿಚ್ಚನ್ನು ರಿವರ್ಸ್ ಕಡೆಗೆ ಎರಡು ಮೂರು ಸೆಕೆಂಡು ಒತ್ತಿ ಬಿಡಬೇಕು. ಕಾಗದ ಒಂದಿಷ್ಟು ಮೇಲೆ ಬಂದರೆ ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ಎರಡೂ ಕೈಯಿಂದ ಕಾಗದದ ಅಗಲವನ್ನೆಲ್ಲ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಒಂದು ಮೂಲೆ ಹಿಡಿದು ಜಗ್ಗಿದರೆ ಕಾಗದ ಹರಿದು, ಹಿಡಿಯಲು ಸಿಗದಂತೆ ಒಳಗೆ ಉಳಿಯುತ್ತದೆ. ರಿವರ್ಸ್‌ನಲ್ಲಿ ಅಲುಗದಿದ್ದರೆ ಒಂದು ಕ್ಷಣ ಮುಂದಕ್ಕೆ, ಮತ್ತೆ ಹಿಂದಕ್ಕೆ, ಹೀಗೆ ನಿಧಾನವಾಗಿ ಬದಲಿಸುತ್ತಾ ಸಡಿಲಗೊಳಿಸಬೇಕು. ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಬದಲಿಸುವ ಮುನ್ನ ಬ್ಲೇಡು ಪೂರ್ತಿ ನಿಲ್ಲಲಿ. ತಿರುಗುತ್ತಿರುವಾಗಲೇ ದಿಕ್ಕು ಬದಲಿಸಿದರೆ ಒಳಗಿನ ಗಿಯರಿನ ಹಲ್ಲು ಮುರಿಯಬಹುದು. ನಾಲ್ಕೈದು ಸಲ ಹೀಗೆ ಮಾಡಿಯೂ ಬಿಡಿಸಿಕೊಳ್ಳದಿದ್ದರೆ ಮೋಟಾರಿಗೆ ಹಿಂಸೆ ಕೊಡುವುದನ್ನು ನಿಲ್ಲಿಸಿ ಕೈಯಿಂದ ಬಿಡಿಸುವ ಹಂತಕ್ಕೆ ಹೋಗಬೇಕು.

ಅದಕ್ಕಾಗಿ ಮತ್ತೆ ಪ್ಲಗ್ಗು ಕಿತ್ತು, ನೆಲದ ಮೇಲೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ತಲೆಯನ್ನು ಬೋರಲು ಹಾಕಿ, ಟಾರ್ಚಿನ ಬೆಳಕಿನಲ್ಲಿ ಕೆಳಭಾಗವನ್ನು ನೋಡಬೇಕು. ನಿಜವಾದ ಕಾರಣ ಬಹುತೇಕ ಇಲ್ಲೇ ಸಿಗುತ್ತದೆ. ದಂಡದ ಎರಡೂ ತುದಿಗಳಲ್ಲಿ ಚೂರುಗಳು ಒತ್ತಿ ಒತ್ತಿ ರಟ್ಟಿನಷ್ಟು ಗಟ್ಟಿಯಾಗಿರುತ್ತವೆ, ಬ್ಲೇಡಿನ ಸಂದಿನಲ್ಲಿ ಬಳೆಯಾಕಾರದಲ್ಲಿ ಸುತ್ತಿಕೊಂಡಿರುತ್ತವೆ. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಬಂಧುಗಳೊಬ್ಬರು ಮೋಟಾರು ಸುಟ್ಟಿತೆಂದು ಬದಿಗಿಟ್ಟಿದ್ದ ಯಂತ್ರವನ್ನು ಹೀಗೆ ಬೋರಲು ಹಾಕಿ ನೋಡಿದಾಗ, ಕೊರಿಯರ್ ಕವರಿನಿಂದ ಬಂದ ಸೆಲ್ಲೋಟೇಪು ಒಂದೇ ದಂಡಕ್ಕೆ ಸುತ್ತು ಸುತ್ತಾಗಿ ಬಿಗಿದುಕೊಂಡು, ಅದರ ಅಂಟಿಗೆ ಕಾಗದದ ಪುಡಿಯೆಲ್ಲ ಮೆತ್ತಿಕೊಂಡಿತ್ತು. ಟೇಪಿನ ತುದಿಯನ್ನು ಚಿಮುಟದಲ್ಲಿ ಹಿಡಿದು, ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಬಿಚ್ಚುತ್ತಾ ಹೋದಂತೆ ಗಟ್ಟಿಯಾದ ಚೂರುಗಳೂ ಅದರ ಜೊತೆ ಸರಪಳಿಯಾಗಿ ಹೊರಬಂದವು; ಮೋಟಾರಿಗೆ ಏನೂ ಆಗಿರಲಿಲ್ಲ.

ಈ ಕೆಲಸಕ್ಕೆ ಉದ್ದ ಮೂತಿಯ ಚಿಮುಟ ಅಥವಾ ನೋಸ್ ಪ್ಲೈಯರ್, ತುದಿ ಮೊನಚು ಮಾಡಿದ ಒಂದು ಬಿದಿರಿನ ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಸ್ಕ್ರೂ ಡ್ರೈವರ್, ಚಾಕು, ಹ್ಯಾಕ್ಸಾ ಬ್ಲೇಡು ಇವುಗಳಿಂದ ಕೆದಕಬಾರದು. ಅವು ಹಲ್ಲುಪಟ್ಟಿಯನ್ನು ಮುರಿಯುತ್ತವೆ, ಒಮ್ಮೆ ಹಲ್ಲುಪಟ್ಟಿ ಮುರಿದರೆ ಆ ಜಾಗದಲ್ಲಿ ಚೂರು ಬೀಳದೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಬ್ಲೇಡುಗಳ ಅಂಚು ಪ್ಲಗ್ಗು ಕಿತ್ತಾಗಲೂ ಹರಿತವೇ ಆಗಿರುವುದರಿಂದ ಬರಿಗೈ ಹಾಕದೆ ದಪ್ಪ ಕೈಗವಸು ಹಾಕಿಕೊಳ್ಳಬೇಕು. ತುದಿಗಳಿಂದ ಶುರುಮಾಡಿ ನಡುವಿಗೆ ಬರಬೇಕು, ಏಕೆಂದರೆ ತುದಿಯಲ್ಲಿ ಜಾಗ ಸಡಿಲವಾದರೆ ನಡುವಿನ ಚೂರುಗಳು ತಾವಾಗಿ ಸರಿಯುತ್ತವೆ.

ಇಷ್ಟಾದರೂ ಬಿಡದ ಹಟಮಾರಿ ಜಾಮ್ ಇದ್ದರೆ ಬ್ಲೇಡುಗಳ ಉದ್ದಕ್ಕೂ ಶ್ರೆಡ್ಡರ್ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು ಅರ್ಧ ಗಂಟೆ ಹಾಗೆಯೇ ಇಡಬೇಕು. ಎಣ್ಣೆ ಒತ್ತಿಕೊಂಡ ಕಾಗದಕ್ಕೆ ಇಳಿದು ಅದನ್ನು ಜಾರುವಂತೆ ಮಾಡುತ್ತದೆ. ನಂತರ ರಿವರ್ಸ್ ಪ್ರಯತ್ನಿಸಿ, ಬ್ಲೇಡು ತಿರುಗತೊಡಗಿದರೆ ಗಟ್ಟಿಯಾದ ಒಂದು ತೆಳು ರಟ್ಟನ್ನು, ಉದಾಹರಣೆಗೆ ಮಡಿಕೆಯಲ್ಲಿ ಕತ್ತರಿಸಿದ ಮದುವೆ ಕರೆಯೋಲೆಯ ಒಂದೇ ಪದರವನ್ನು, ಮುಂದಕ್ಕೆ ಓಡಿಸಿ ಒಳಗೆ ಬಿಡಬೇಕು. ಅದು ಸಂದಿನಲ್ಲಿ ಉಳಿದ ಚೂರುಗಳನ್ನು ತಳ್ಳಿಕೊಂಡು ಕೆಳಗೆ ಬೀಳುತ್ತದೆ. ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯ ಕರೆಯೋಲೆ ಇದಕ್ಕೆ ಬೇಡ.

ಎಣ್ಣೆಯ ವಿಚಾರ

ಶ್ರೆಡ್ಡರಿನ ಆಯುಷ್ಯವನ್ನು ನಿರ್ಧರಿಸುವುದು ಎಣ್ಣೆ. ಮನೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದೂ ಅದೇ. ಕ್ರಾಸ್ ಕಟ್ ಮತ್ತು ಮೈಕ್ರೋ ಕಟ್ ಯಂತ್ರಗಳಿಗೆ ಪ್ರತಿ ಸಲ ಬುಟ್ಟಿ ಖಾಲಿ ಮಾಡಿದಾಗ ಎಣ್ಣೆ ಕೊಡಬೇಕು. ಒಂದು ಹಾಳೆಯ ಮೇಲೆ ಅಡ್ಡಡ್ಡವಾಗಿ, ಹಾವಿನ ನಡೆಯಲ್ಲಿ ತೆಳುವಾಗಿ ಎಣ್ಣೆ ಬಿಟ್ಟು ಆ ಹಾಳೆಯನ್ನು ಯಂತ್ರಕ್ಕೆ ಹಾಕಿ, ಆಮೇಲೆ ಹತ್ತು ಸೆಕೆಂಡು ರಿವರ್ಸ್ ಓಡಿಸಿದರೆ ಎಣ್ಣೆ ಎಲ್ಲ ಬ್ಲೇಡಿಗೂ ಹರಡುತ್ತದೆ. ಹಾಳೆ ತೊಯ್ಯುವಷ್ಟು ಸುರಿಯಬಾರದು. ಹೆಚ್ಚಾದ ಎಣ್ಣೆಗೆ ಧೂಳು ಅಂಟಿ ಮುದ್ದೆಯಾಗುತ್ತದೆ.

ಶ್ರೆಡ್ಡರಿಗೆಂದೇ ಬರುವ ಎಣ್ಣೆ ಹಲವು ಸಲ ಸಸ್ಯಜನ್ಯ ಎಣ್ಣೆಯೇ ಆಗಿರುತ್ತದೆ, ಉದ್ದ ಮೂತಿಯ ಚಿಕ್ಕ ಸೀಸೆಯಲ್ಲಿ ಸಿಗುತ್ತದೆ. ಅದು ಕೈಗೆ ಸಿಗದ ಹೊತ್ತಿನಲ್ಲಿ ಅಡುಗೆಮನೆಯ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯನ್ನು ಮಿತವಾಗಿ ಬಳಸಬಹುದು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸುತ್ತಲಿನವರಿಗೆ ಅದಕ್ಕೇನೂ ಕೊರತೆಯಿಲ್ಲ. ಆದರೆ ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಆದ್ದರಿಂದ ಅದನ್ನು ಕಾಯಂ ಪದ್ಧತಿ ಮಾಡಿಕೊಳ್ಳುವುದು ಬೇಡ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದ್ದು, ಅದನ್ನಂತೂ ಹತ್ತಿರ ತರಬಾರದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲೇ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ, ಬ್ಲೇಡಿನ ಸಂದಿನಲ್ಲೂ ಅದೇ ಆಗುತ್ತದೆ.

ಬೀಗ, ಕೀಲುಗಳಿಗೆ ಹೊಡೆಯುವ ಸ್ಪ್ರೇ ಡಬ್ಬಿಗಳನ್ನು ಶ್ರೆಡ್ಡರಿನ ಒಳಗಾಗಲಿ ಸಮೀಪದಲ್ಲಾಗಲಿ ಎಂದಿಗೂ ಬಳಸಬಾರದು. ಅವುಗಳಿಂದ ಹೊಮ್ಮುವ ಆವಿ ಬೆಂಕಿ ಹಿಡಿಯುವಂಥದ್ದು. ಮೋಟಾರಿನ ಒಂದು ಕಿಡಿ ತಗುಲಿದರೆ ಬುಟ್ಟಿಯ ತುಂಬ ಇರುವ ಒಣ ಕಾಗದಕ್ಕೆ ಉರಿ ಹತ್ತುತ್ತದೆ. ಧೂಳು ಊದುವ ಗಾಳಿಯ ಸ್ಪ್ರೇ ಡಬ್ಬಿಗೂ ಇದೇ ಮಾತು ಅನ್ವಯಿಸುತ್ತದೆ.

ಮತ್ತೆ ಸಿಕ್ಕದಂತೆ ಕಾಗದ ಹಾಕುವುದು

ಯಂತ್ರದ ಡಬ್ಬಿಯ ಮೇಲೆ ಎಂಟು ಹಾಳೆ ಎಂದು ಬರೆದಿದ್ದರೆ, ಅದು ಹೊಸ ಯಂತ್ರಕ್ಕೆ, ಮಡಿಕೆಯಿಲ್ಲದ ಒಣ ಹಾಳೆಗೆ, 70 ಅಥವಾ 75 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ ಕಾಗದಕ್ಕೆ ಹೇಳಿದ ಮಾತು. ದಿನನಿತ್ಯದಲ್ಲಿ ಐದಕ್ಕೆ ನಿಲ್ಲಿಸುವುದೇ ಸರಿ. ಮಡಿಸಿದ ಹಾಳೆ ಒಂದಲ್ಲ, ಎರಡು. ಮೂರು ಮಡಿಕೆಯ ಬ್ಯಾಂಕ್ ಪತ್ರವನ್ನು ಲಕೋಟೆ ಸಮೇತ ಹಾಕಿದರೆ ಐದು ಪದರವಾಯಿತು. ಲಕೋಟೆಯ ಕಿಟಕಿಯ ಪ್ಲಾಸ್ಟಿಕ್ ಮತ್ತು ಗೋಂದು ಬ್ಲೇಡಿಗೆ ಅಂಟುತ್ತವೆ, ಆದ್ದರಿಂದ ಪತ್ರವನ್ನು ಹೊರತೆಗೆದು ಬಿಡಿಸಿಯೇ ಹಾಕಬೇಕು. ಹಳೆಯ ಲೆಕ್ಕದ ಪುಸ್ತಕದ ಹಾಳೆ ದಪ್ಪವಾಗಿರುವುದರಿಂದ ಎರಡು ಮೂರಕ್ಕಿಂತ ಹೆಚ್ಚು ಬೇಡ, ರಟ್ಟನ್ನಂತೂ ಕಿತ್ತಿಡಲೇಬೇಕು.

ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಕಾಗದ ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ. ತೇವದ ಕಾಗದ ಕತ್ತರಿಸಿಕೊಳ್ಳದೆ ಜಗ್ಗಿಕೊಂಡು ದಂಡಕ್ಕೆ ಸುತ್ತುತ್ತದೆ. ಅಂತಹ ಕಟ್ಟನ್ನು ಬಿಸಿಲಿಗೆ ಹರಡಿ ಒಣಗಿಸಿ ಹಾಕಬೇಕು, ಇಲ್ಲವೇ ಬೇಸಿಗೆಯ ತನಕ ಕಾಯಬೇಕು.

ಚಿಕ್ಕ ಸ್ಟೇಪ್ಲರ್ ಪಿನ್ನು, ಚಿಕ್ಕ ಜೆಮ್ ಕ್ಲಿಪ್ಪುಗಳನ್ನು ಸಹಿಸುವ ಯಂತ್ರಗಳಿವೆ, ಕೈಪಿಡಿಯಲ್ಲಿ ಹಾಗೆ ಹೇಳಿದ್ದರೆ ಮಾತ್ರ ನಂಬಬೇಕು. ನಮ್ಮ ಕಡತಗಳಲ್ಲಿ ಸಿಗುವ ಗುಂಡುಸೂಜಿ, ಕಡತ ಕಟ್ಟುವ ಟ್ಯಾಗಿನ ದಾರ ಮತ್ತು ಅದರ ತುದಿಯ ಲೋಹದ ಕಡ್ಡಿ, ಅರಗಿನ ಮುದ್ರೆ ಇವನ್ನು ಮನೆಯ ಯಂತ್ರಕ್ಕೆ ಹಾಕಲೇಬಾರದು. ದಾರ ಬ್ಲೇಡಿಗೆ ಸುತ್ತಿಕೊಂಡರೆ ಬಿಡಿಸುವುದು ಕಾಗದಕ್ಕಿಂತ ಎಷ್ಟೋ ಕಷ್ಟ. ಲ್ಯಾಮಿನೇಷನ್ ಮಾಡಿಸಿದ ಹಳೆಯ ಗುರುತಿನ ಚೀಟಿಯನ್ನು ಕತ್ತರಿಯಿಂದ ಸಂಖ್ಯೆ, ಭಾವಚಿತ್ರ, ಸಹಿಗಳ ನಡುವೆ ಹಾಯ್ದು ಹೋಗುವಂತೆ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ದಿನದ ಕಸಕ್ಕೆ ಹಾಕುವುದು ವಾಸಿ.

ಅವಧಿ ಮುಗಿದ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅಂದರೆ ಏಳೆಂಟು ಹಾಳೆಗಳಷ್ಟು, ಮೇಲಾಗಿ ಕಾಗದಕ್ಕಿಂತ ಗಟ್ಟಿ. ಕಾರ್ಡು ಹಾಕಬಹುದೆಂದು ಬರೆದಿರುವ ಯಂತ್ರದಲ್ಲಿ, ಅದಕ್ಕೆಂದೇ ಇರುವ ಬಾಯಿಯಲ್ಲಿ, ಒಂದೊಂದಾಗಿ ಹಾಕಬೇಕು. ಅದಾದ ಮೇಲೆ ಎರಡು ಖಾಲಿ ಹಾಳೆಗಳನ್ನು ಓಡಿಸಿದರೆ ಸಂದಿನಲ್ಲಿ ಉಳಿದ ಪ್ಲಾಸ್ಟಿಕ್ ಚೂರು ಹೊರಬೀಳುತ್ತದೆ. ಅಂಗಡಿ, ಎಟಿಎಂಗಳ ತೆಳು ಚೀಟಿಗಳನ್ನು ಬಿಡಿಯಾಗಿ ಹಾಕಿದರೆ ಅವು ಹಗುರವಾಗಿ ದಂಡಕ್ಕೇ ಅಂಟಿಕೊಳ್ಳುತ್ತವೆ. ಮಡಿಸಿದ ಒಂದು ಎ4 ಹಾಳೆಯ ನಡುವೆ ಎರಡು ಮೂರು ಚೀಟಿಯಿಟ್ಟು ಹಾಕಿದರೆ ಒಟ್ಟಿಗೆ ಕತ್ತರಿಸಿ ಬೀಳುತ್ತವೆ. ಈ ಚೀಟಿಗಳ ಕಾಗದಕ್ಕೆ ರಾಸಾಯನಿಕ ಲೇಪನವಿರುವುದರಿಂದ ಅದರ ಚೂರುಗಳನ್ನು ಗೊಬ್ಬರದ ಗುಂಡಿಗೆ ಹಾಕಬಾರದು; ಸಾದಾ ಕಾಗದದ ಚೂರನ್ನು ಹಾಕಬಹುದು.

ಕಾಗದವನ್ನು ಓರೆಯಾಗಿ ಬಿಡದೆ, ಚಿಕ್ಕ ಅಂಚನ್ನು ಮುಂದೆ ಮಾಡಿ ಸಮನಾಗಿ ಬಿಡಬೇಕು. ಓರೆಯಾದ ಹಾಳೆ ಒಂದು ಪಕ್ಕದಲ್ಲಿ ಮಡಿಚಿಕೊಂಡು ಅಲ್ಲಿ ಮಾತ್ರ ದುಪ್ಪಟ್ಟು ದಪ್ಪವಾಗುತ್ತದೆ. ಹೊಸ ಯಂತ್ರಗಳು ಸಿಕ್ಕಿಕೊಳ್ಳುವುದು ಬಹಳಷ್ಟು ಸಲ ಇದರಿಂದಲೇ. ಬುಟ್ಟಿ ಮುಕ್ಕಾಲು ತುಂಬುತ್ತಲೇ ಖಾಲಿ ಮಾಡಬೇಕು. ಚೂರುಗಳು ನಡುವೆ ಗುಡ್ಡೆಯಾಗಿ ಬ್ಲೇಡನ್ನು ಮುಟ್ಟುವುದರಿಂದ, ಬುಟ್ಟಿಯ ಮೂಲೆಗಳು ಖಾಲಿ ಕಂಡರೂ ಅದು ತುಂಬಿದಂತೆಯೇ ಲೆಕ್ಕ.

ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಶ್ರೆಡ್ಡರ್ ಓಡಿಸುವುದು ಬೇಡ. ಸ್ಕ್ವೇರ್ ವೇವ್ ಇನ್ವರ್ಟರುಗಳ ವಿದ್ಯುತ್ತಿನಲ್ಲಿ ಮೋಟಾರು ಹೆಚ್ಚು ಬಿಸಿಯಾಗಿ, ಬಲ ಸಾಲದೆ ಕಾಗದದ ನಡುವೆಯೇ ನಿಲ್ಲಬಹುದು. ಕತ್ತರಿಸುವಾಗಲೇ ಕರೆಂಟು ಹೋದರೆ ಪ್ಲಗ್ಗು ಕಿತ್ತಿಡಿ. ಬಂದ ಮೇಲೆ ಮೊದಲು ರಿವರ್ಸ್ ಒತ್ತಿ ಕಾಗದ ಹೊರತೆಗೆದು, ಆಮೇಲೆ ಮತ್ತೆ ಹಾಕಿ.

ರಿಪೇರಿಗೆ ಒಯ್ಯಬೇಕಾದದ್ದು ಯಾವಾಗ

ಚೂರುಗಳೆಲ್ಲ ಹೊರಬಂದು, ಎಣ್ಣೆ ಕೊಟ್ಟ ಮೇಲೂ ಮೋಟಾರು ತಿರುಗುವ ಸದ್ದಿದ್ದು ಬ್ಲೇಡು ನಿಂತಿದ್ದರೆ, ಅಥವಾ ಹಲ್ಲು ಕಡಿದಂತೆ ಕಟಕಟ ಎನ್ನುತ್ತಿದ್ದರೆ, ಗಿಯರಿನ ಹಲ್ಲು ಮುರಿದಿದೆ ಎಂದರ್ಥ. ಸುಟ್ಟ ವಾಸನೆ ಬಂದು, ತಣ್ಣಗಾದ ಮೇಲೂ ಗುಂಯ್ ಎಂಬ ಸದ್ದು ಮಾತ್ರ ಉಳಿದಿದ್ದರೆ ಮೋಟಾರಿನ ಸುತ್ತು ಅಥವಾ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಚಿಕ್ಕ ಬಿಡಿಭಾಗ) ಹೋಗಿರಬಹುದು. ಈ ಹಂತದಲ್ಲಿ ತಲೆಯ ಸ್ಕ್ರೂಗಳನ್ನು ಮನೆಯಲ್ಲಿ ಬಿಚ್ಚಬಾರದು. ಕೆಪಾಸಿಟರ್ ಇರುವ ಯಂತ್ರದಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ಉಳಿದಿರುತ್ತದೆ, ವಾರಂಟಿಯೂ ತಪ್ಪಿಹೋಗುತ್ತದೆ. ವಾರಂಟಿ ಮುಗಿದಿದ್ದರೆ ಮಿಕ್ಸಿ, ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯವರೂ ಇದನ್ನು ನೋಡಬಲ್ಲರು. ಕೆಪಾಸಿಟರ್ ಬದಲಿಸುವುದು ಸಣ್ಣ ಖರ್ಚಿನ ಕೆಲಸ, ಅದನ್ನು ಮಾಡಿಸಿಕೊಳ್ಳಿ. ಗಿಯರ್ ಹೋಗಿದ್ದು ಬಿಡಿಭಾಗ ಸಿಗದಿದ್ದರೆ ಯಂತ್ರವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಕೊಡುವ ಮುನ್ನ ಬುಟ್ಟಿಯಲ್ಲಿರುವ ಚೂರುಗಳನ್ನೂ, ಬ್ಲೇಡಿನ ಬಾಯಲ್ಲಿ ಅರ್ಧ ಉಳಿದ ಹಾಳೆಯನ್ನೂ ಮರೆಯದೆ ತೆಗೆದುಕೊಳ್ಳಿ.